ಒಂದೇ ಶವದಲ್ಲಿ ಎರಡು ಕಾಲ: ಕೊಕೇನ್ ಮತ್ತು ಹಸಿರು ನೊಣದ ಮರಿಹುಳುಗಳ ಪ್ರಕರಣ ಅಧ್ಯಯನ

ಮೃತದೇಹದ ಮೇಲೆ ಬೆಳೆಯುವ ನೊಣದ ಮರಿಹುಳುವನ್ನು ಗಡಿಯಾರಕ್ಕೆ ಹೋಲಿಸುವುದು ವಿಧಿವಿಜ್ಞಾನದಲ್ಲಿ ರೂಢಿ. ಆ ಗಡಿಯಾರ ಒಂದೇ ಶವದಲ್ಲಿ ಎರಡು ಬೇರೆ ಬೇರೆ ಕಾಲವನ್ನು ತೋರಿಸಿದ ಪ್ರಕರಣವೊಂದನ್ನು ಇಲ್ಲಿ ವಿವರವಾಗಿ ಬರೆದಿಡುತ್ತಿದ್ದೇನೆ. ವಿಧಿವಿಜ್ಞಾನ ಕೀಟಶಾಸ್ತ್ರದ ಸಾಹಿತ್ಯದಲ್ಲಿ ಇದು ದಾಖಲಾಗಿರುವ ಪ್ರಕರಣ; ಈ ಕ್ಷೇತ್ರಕ್ಕೆ ಬರುವ ಬಹುತೇಕರು ಒಂದಲ್ಲ ಒಂದು ಹಂತದಲ್ಲಿ ಇದನ್ನು ಓದಿರುತ್ತಾರೆ. ಆದರೆ ಹೆಚ್ಚಿನ ಕಡೆ ಇದು ಎರಡು ಸಾಲುಗಳ ಉದಾಹರಣೆಯಾಗಿ ಬಂದು ಹೋಗುತ್ತದೆ. ತೀರ್ಮಾನಕ್ಕೆ ಬಂದ ದಾರಿಯನ್ನು ನಿಧಾನವಾಗಿ ನಡೆದು ನೋಡಿದರೆ ಮಾತ್ರ ಇದರ ಬೆಲೆ ತಿಳಿಯುತ್ತದೆ ಎಂಬುದು ನನ್ನ ಅನಿಸಿಕೆ. ಮೃತಳ ಹೆಸರಾಗಲಿ, ತನಿಖೆಗೆ ಸಂಬಂಧಿಸಿದವರ ಗುರುತಾಗಲಿ ಈ ಬರಹಕ್ಕೆ ಬೇಕಾಗಿಲ್ಲ, ಹಾಗಾಗಿ ಅವನ್ನು ಬಿಟ್ಟಿದ್ದೇನೆ.

ಹಿನ್ನೆಲೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದ ಸಮೀಪ, ಪೈನ್ ಮರಗಳ ಕಾಡೊಂದರಲ್ಲಿ ಯುವತಿಯೊಬ್ಬಳ ಶವ ಪತ್ತೆಯಾಯಿತು. ಶವದ ಮೇಲೆ ಮರಿಹುಳುಗಳು ಹೇರಳವಾಗಿದ್ದವು. ಸಾವು ಯಾವಾಗ ಸಂಭವಿಸಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಅವುಗಳನ್ನು ಸಂಗ್ರಹಿಸಿ, ಜಾತಿ ಗುರುತಿಸಿ, ಅಳೆದು ನೋಡಲಾಯಿತು.

ಮುಂದಿನದನ್ನು ಅರ್ಥಮಾಡಿಕೊಳ್ಳಲು ಈ ಗಡಿಯಾರ ನಡೆಯುವ ಬಗೆಯನ್ನು ಸ್ವಲ್ಪ ತಿಳಿದಿರಬೇಕು. ಹಗಲು ಹೊತ್ತಿನಲ್ಲಿ, ವಾತಾವರಣ ಬೆಚ್ಚಗಿದ್ದರೆ, ತೆರೆದ ಜಾಗದಲ್ಲಿರುವ ಶವವನ್ನು ಹಸಿರು ನೊಣ ಮತ್ತು ನೀಲಿ ನೊಣಗಳು ಬಹಳ ಬೇಗ ಹುಡುಕಿಕೊಂಡು ಬರುತ್ತವೆ. ಮೂಗು, ಬಾಯಿ, ಕಣ್ಣಿನಂತಹ ಸಹಜ ದ್ವಾರಗಳಲ್ಲಿ ಮತ್ತು ಗಾಯಗಳಿದ್ದರೆ ಅವುಗಳ ಅಂಚಿನಲ್ಲಿ ಮೊಟ್ಟೆಗಳನ್ನು ಗೊಂಚಲು ಗೊಂಚಲಾಗಿ ಇಡುತ್ತವೆ. ಮೊಟ್ಟೆಯೊಡೆದು ಹೊರಬಂದ ಮರಿಹುಳು ಎರಡು ಬಾರಿ ಪೊರೆ ಕಳಚಿ ಮೂರು ಹಂತಗಳಲ್ಲಿ ಬೆಳೆಯುತ್ತದೆ. ಹೊಟ್ಟೆ ತುಂಬಿದ ಮೇಲೆ ಶವವನ್ನು ಬಿಟ್ಟು ಮಣ್ಣಿನ ಕಡೆಗೆ ಹರಿದು ಹೋಗುತ್ತದೆ. ಅಲ್ಲಿ ಅದರ ಚರ್ಮವೇ ಗಟ್ಟಿಯಾಗಿ ಕಂದು ಬಣ್ಣದ ಕೋಶವಾಗುತ್ತದೆ. ಒಂದೊಂದು ಹಂತಕ್ಕೂ ತಗಲುವ ಸಮಯ ಮುಖ್ಯವಾಗಿ ಉಷ್ಣಾಂಶವನ್ನು ಅವಲಂಬಿಸಿದೆ. ಈ ಪ್ರಕರಣದಲ್ಲಿ ಕಂಡುಬಂದ ಹಸಿರು ನೊಣ ಲುಸಿಲಿಯಾ ಸೆರಿಕಾಟಾ. ಆಗಿನ ಬರಹಗಳಲ್ಲಿ ಅದಕ್ಕೆ ಫೀನಿಸಿಯಾ ಸೆರಿಕಾಟಾ ಎಂಬ ಹೆಸರಿತ್ತು. ಉಷ್ಣಾಂಶ ಸುಮಾರು 9–10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಇದರ ಬೆಳವಣಿಗೆ ಬಹುತೇಕ ನಿಂತುಬಿಡುತ್ತದೆ. ಆದ್ದರಿಂದ ಮರಿಹುಳುವಿನ ಉದ್ದ, ಅದರ ಹಂತ ಮತ್ತು ಆ ಸ್ಥಳದ ಹವಾಮಾನದ ದಾಖಲೆ, ಇವು ಮೂರೂ ಕೈಯಲ್ಲಿದ್ದರೆ ಮೊಟ್ಟೆ ಇಟ್ಟ ದಿನಕ್ಕೆ ಹಿಮ್ಮುಖವಾಗಿ ಲೆಕ್ಕ ಹಾಕಬಹುದು.

ಈ ಲೆಕ್ಕದೊಳಗೆ ಒಂದು ನಂಬಿಕೆ ಅಡಗಿದೆ. ಒಂದೇ ಶವದ ಮೇಲಿರುವ ಒಂದೇ ಜಾತಿಯ ಮರಿಹುಳುಗಳೆಲ್ಲ ಒಂದೇ ಬಗೆಯ ಆಹಾರವನ್ನು ತಿನ್ನುತ್ತಿವೆ ಎಂಬುದೇ ಆ ನಂಬಿಕೆ.

ಹೊಂದದ ಅಳತೆ

ಸಂಗ್ರಹಿಸಿದ ಮರಿಹುಳುಗಳಲ್ಲಿ ಹೆಚ್ಚಿನವು 6ರಿಂದ 9 ಮಿಲಿಮೀಟರ್ ಉದ್ದವಿದ್ದವು. ಆ ಸ್ಥಳದ ಪರಿಸ್ಥಿತಿಯಲ್ಲಿ ಈ ಉದ್ದ ಸುಮಾರು 7 ದಿನಗಳ ಬೆಳವಣಿಗೆಯನ್ನು ಸೂಚಿಸುತ್ತಿತ್ತು. ಇವುಗಳ ಜೊತೆಯಲ್ಲೇ 17.7 ಮಿಲಿಮೀಟರ್ ಉದ್ದದ ಮರಿಹುಳುವೂ ಸಿಕ್ಕಿತು. ಅದೇ ಪರಿಸ್ಥಿತಿಯಲ್ಲಿ ಅಷ್ಟು ಬೆಳೆಯಲು ಸುಮಾರು ಮೂರು ವಾರಗಳು ಬೇಕು.

ಒಂದು ವಾರವೋ, ಮೂರು ವಾರವೋ? ಇದು ಸಣ್ಣ ವ್ಯತ್ಯಾಸವಲ್ಲ. ಸಾವಿನ ಸಮಯವನ್ನು ಎರಡು ವಾರ ಹಿಂದಕ್ಕೆ ತಳ್ಳಿದರೆ ಮೃತಳು ಕೊನೆಯ ಬಾರಿ ಯಾರೊಂದಿಗಿದ್ದಳು, ಆ ದಿನಗಳಲ್ಲಿ ಯಾರು ಎಲ್ಲಿದ್ದರು ಎಂಬ ವಿಚಾರಣೆಯೆಲ್ಲವೂ ತಪ್ಪು ದಿನಾಂಕದ ಸುತ್ತ ಸುತ್ತತೊಡಗುತ್ತದೆ. ತಪ್ಪಿತಸ್ಥನು ಅನುಮಾನದಿಂದ ಪಾರಾಗಬಹುದು, ನಿರಪರಾಧಿಯೊಬ್ಬನು ಅನುಮಾನಕ್ಕೆ ಗುರಿಯಾಗಬಹುದು.

ಇಲ್ಲಿ ನಮ್ಮ ಕ್ಷೇತ್ರದ ಮೂಲಪಾಠವೇ ಕಾಲಿಗೆ ತೊಡರುತ್ತದೆ ಎಂಬುದನ್ನು ಗಮನಿಸಬೇಕು. ಶವದ ಮೇಲಿನ ಕೀಟಗಳಲ್ಲಿ ಯಾವುದು ಅತ್ಯಂತ ಹಿರಿಯದೋ ಅದರ ವಯಸ್ಸೇ ಸಾವಿನಿಂದೀಚೆಗೆ ಕಳೆದಿರುವ ಕನಿಷ್ಠ ಅವಧಿ ಎಂದು ನಾವು ಕಲಿಯುತ್ತೇವೆ, ಕಲಿಸುತ್ತೇವೆ. ಇದರ ತರ್ಕ ಸರಿಯಾಗಿಯೇ ಇದೆ: ಕಿರಿಯ ಮರಿಹುಳುಗಳು ನಂತರ ಇಟ್ಟ ಮೊಟ್ಟೆಗಳಿಂದ ಬಂದಿರಬಹುದು, ಆದರೆ ಹಿರಿಯದು ಮೊದಲೇ ಬಂದಿರಲೇಬೇಕು. ಈ ಪಾಠವನ್ನು ಕಣ್ಣುಮುಚ್ಚಿ ಅನ್ವಯಿಸಿದ್ದರೆ 17.7 ಮಿಲಿಮೀಟರ್ ಉದ್ದದ ಮರಿಹುಳುವೇ ಗೆಲ್ಲುತ್ತಿತ್ತು, ವರದಿಯಲ್ಲಿ ಮೂರು ವಾರವೆಂದು ದಾಖಲಾಗುತ್ತಿತ್ತು.

ಸಾಧ್ಯತೆಗಳನ್ನು ಒಂದೊಂದಾಗಿ ತೂಗಿದಾಗ

ಇಂತಹ ಅಳತೆ ಎದುರಾದಾಗ ಔಷಧ ಅಥವಾ ಮಾದಕ ವಸ್ತುವಿನ ಯೋಚನೆ ಮೊದಲಿಗೇ ಬರಬಾರದು. ಅದಕ್ಕಿಂತ ಸರಳವಾದ ವಿವರಣೆಗಳು ಹಲವಿವೆ. ವಿದ್ಯಾರ್ಥಿಗಳೊಂದಿಗೆ ಈ ಪ್ರಕರಣವನ್ನು ಚರ್ಚಿಸುವಾಗ ನಾನು ಆ ವಿವರಣೆಗಳನ್ನು ಮೊದಲು ಮೇಜಿನ ಮೇಲಿಡುತ್ತೇನೆ.

ಅಳತೆಯೇ ತಪ್ಪಾಗಿರಬಹುದೇ? ಮರಿಹುಳುವನ್ನು ಜೀವಂತವಾಗಿ ನೇರ ಆಲ್ಕೋಹಾಲ್‌ಗೆ ಹಾಕಿದರೆ ಅದು ಮುದುಡಿ, ಕಪ್ಪಾಗಿ, ಉದ್ದ ಕಳೆದುಕೊಳ್ಳುತ್ತದೆ. ಕುದಿಯುವ ಹಂತಕ್ಕೆ ಹತ್ತಿರವಿರುವ ಬಿಸಿನೀರಿನಲ್ಲಿ ಅರ್ಧ ನಿಮಿಷದಷ್ಟು ಅದ್ದಿ ಆಮೇಲೆ ಆಲ್ಕೋಹಾಲ್‌ಗೆ ವರ್ಗಾಯಿಸಿದರೆ ಅದೇ ಮರಿಹುಳು ನೀಳವಾಗಿ ಚಾಚಿಕೊಂಡು, ಕೆನೆಬಣ್ಣದಲ್ಲಿ ಉಳಿಯುತ್ತದೆ. ಎರಡು ವಿಧಾನದಿಂದ ಸಿದ್ಧಪಡಿಸಿದ ಮಾದರಿಗಳನ್ನು ಪಕ್ಕಪಕ್ಕ ಇಟ್ಟರೆ ಅವು ಒಂದೇ ತಾಯಿಯ ಮರಿಗಳೆಂದು ನಂಬುವುದು ಕಷ್ಟ. ಆದರೆ ಈ ದೋಷ ಮರಿಹುಳುವನ್ನು ಕುಗ್ಗಿಸಬಲ್ಲದೇ ಹೊರತು ಒಂಬತ್ತು ಮಿಲಿಮೀಟರಿನದನ್ನು ಹದಿನೇಳಕ್ಕೆ ಎಳೆಯಲಾರದು. ಅಳತೆಪಟ್ಟಿಯ ಜೊತೆಗೆ ಇನ್ನೊಂದು ಸಾಕ್ಷಿಯೂ ಇದೆ. ಮರಿಹುಳುವಿನ ಹಿಂಭಾಗವನ್ನು ಸೂಕ್ಷ್ಮದರ್ಶಕದ ಕೆಳಗೆ ತಿರುಗಿಸಿ ನೋಡಿದರೆ ಎರಡು ಕಂದು ಬಣ್ಣದ ಉಸಿರುಫಲಕಗಳು ಕಾಣುತ್ತವೆ. ಎರಡನೆಯ ಹಂತದಲ್ಲಿ ಪ್ರತಿ ಫಲಕದ ಮೇಲೆ ಎರಡು ಸೀಳುಗಳು, ಮೂರನೆಯ ಹಂತದಲ್ಲಿ ಮೂರು. ಉದ್ದ ಮೋಸ ಮಾಡಿದರೂ ಸೀಳುಗಳ ಎಣಿಕೆ ಮೋಸ ಮಾಡುವುದಿಲ್ಲ.

ದೊಡ್ಡ ಮರಿಹುಳು ಬೇರೆಡೆಯಿಂದ ಬಂದಿರಬಹುದೇ ಎಂಬುದು ಇನ್ನೊಂದು ಪ್ರಶ್ನೆ. ಕಾಡಿನಲ್ಲಿ ಸತ್ತ ಪ್ರಾಣಿಗಳು ಇರುವುದು ಸಹಜ. ಆದರೆ ಹೊಟ್ಟೆ ತುಂಬಿಸಿಕೊಂಡು ಹೊರಟ ಮರಿಹುಳು ಹುಡುಕುವುದು ಕೋಶ ಕಟ್ಟಲು ಬೇಕಾದ ಮರೆಯನ್ನು. ಮತ್ತೊಂದು ಶವವನ್ನು ಹುಡುಕಿಕೊಂಡು ಹೋಗಿ ಅದರೊಳಗೆ ಸೇರಿಕೊಳ್ಳುವುದು ಅದರ ಸ್ವಭಾವವಲ್ಲ.

ಮೂರನೆಯದು, ಮೊದಲು ಕೆಲವೇ ಮೊಟ್ಟೆಗಳು ಬಿದ್ದು, ಎರಡು ವಾರಗಳ ನಂತರ ಉಳಿದವು ಬಿದ್ದಿರಬಹುದು ಎಂಬ ವಾದ. ತಾತ್ವಿಕವಾಗಿ ಇದು ಅಸಾಧ್ಯವಲ್ಲ. ಆದರೆ ಒಂದು ನೊಣ ಒಮ್ಮೆಗೆ ನೂರಾರು ಮೊಟ್ಟೆಗಳನ್ನು ಇಡುತ್ತದೆ, ಮೊಟ್ಟೆಗಳಿರುವ ಜಾಗಕ್ಕೆ ಬೇರೆ ನೊಣಗಳೂ ಆಕರ್ಷಿತವಾಗುತ್ತವೆ. ಬೆರಳೆಣಿಕೆಯ ಮರಿಹುಳುಗಳನ್ನು ಮಾತ್ರ ಉಳಿಸಿ ಎರಡು ವಾರ ನೊಣಗಳು ಶವದತ್ತ ಸುಳಿಯಲೇ ಇಲ್ಲ ಎಂದು ನಂಬಲು ಬಲವಾದ ಕಾರಣ ಬೇಕು.

ಮರಿಹುಳುಗಳ ಗುಂಪು ತಾನೇ ಬಿಸಿಯನ್ನು ಹುಟ್ಟಿಸುತ್ತದೆ, ದೊಡ್ಡ ಗುಂಪಿನ ಒಳಗಿನ ಉಷ್ಣಾಂಶ ಸುತ್ತಲಿನ ಗಾಳಿಗಿಂತ ಹತ್ತು ಡಿಗ್ರಿಗೂ ಮೀರಿ ಏರಬಹುದು. ಹಾಗೆ ಬೆಳವಣಿಗೆ ವೇಗ ಪಡೆಯುವುದು ನಿಜ. ಆದರೆ ಆ ಲಾಭ ಗುಂಪಿನಲ್ಲಿರುವ ಬಹುಸಂಖ್ಯಾತರಿಗೆ ಸಿಗಬೇಕು. ಇಲ್ಲಿ ಬಹುಸಂಖ್ಯಾತರೇ ಚಿಕ್ಕವರು.

ತಿರುವು

ಪ್ರಕರಣದ ದಿಕ್ಕನ್ನು ಬದಲಿಸಿದ್ದು ದೊಡ್ಡ ಮರಿಹುಳು ಶವದ ಯಾವ ಭಾಗದಲ್ಲಿ ಮೇಯುತ್ತಿತ್ತು ಎಂಬ ಪ್ರಶ್ನೆ. ಉತ್ತರ ಮೂಗಿನ ಭಾಗದತ್ತ ಕೈ ತೋರಿಸಿತು. ಮೃತಳು ಕೊಕೇನ್ ಸೇವಿಸುತ್ತಿದ್ದಳೆಂಬುದೂ, ಸಾಯುವುದಕ್ಕೆ ಸ್ವಲ್ಪ ಮುಂಚೆ ಅದನ್ನು ಮೂಗಿನ ಮೂಲಕ ಎಳೆದುಕೊಂಡಿದ್ದಳೆಂಬುದೂ ಬೆಳಕಿಗೆ ಬಂದಾಗ ಎರಡು ತುಂಡುಗಳು ಒಂದಕ್ಕೊಂದು ಕೂಡಿಕೊಂಡವು.

ಮೂಗಿನಿಂದ ಎಳೆದುಕೊಂಡ ಕೊಕೇನ್ ರಕ್ತಕ್ಕೆ ಸೇರಿ ದೇಹದಲ್ಲೆಲ್ಲ ಹರಡುತ್ತದೆ, ಆದರೆ ಹರಡುವ ಮುನ್ನ ಅದರ ಸಾಂದ್ರತೆ ಅತಿ ಹೆಚ್ಚಾಗಿರುವುದು ಮೂಗಿನ ಒಳಪದರದಲ್ಲಿ. ಸೇವನೆಯ ಬೆನ್ನಿಗೇ ಸಾವು ಬಂದರೆ ಪುಡಿಯ ಉಳಿಕೆ ಅಲ್ಲಿಯೇ ನಿಲ್ಲುತ್ತದೆ. ನೊಣಗಳು ಮೊಟ್ಟೆಯಿಡಲು ಮೊದಲು ಆರಿಸಿಕೊಳ್ಳುವ ಜಾಗಗಳಲ್ಲೂ ಮೂಗು ಒಂದು. ಹೀಗಾಗಿ ಒಂದೇ ದೇಹ, ಒಂದೇ ಹವೆ, ಬಹುಶಃ ಒಂದೇ ದಿನ ಇಟ್ಟ ಮೊಟ್ಟೆಗಳು. ಆದರೆ ಮೂಗಿನಲ್ಲಿ ಹುಟ್ಟಿದ ಮರಿಹುಳು ಕೊಕೇನ್ ತುಂಬಿದ ಅಂಗಾಂಶವನ್ನು ತಿಂದಿತು, ಬೇರೆಡೆ ಹುಟ್ಟಿದವು ಅಷ್ಟು ಕೊಕೇನ್ ಇಲ್ಲದ ಅಂಗಾಂಶವನ್ನು ತಿಂದವು. ಮೊದಲನೆಯದರ ಬೆಳವಣಿಗೆ ವೇಗವಾಗಿ ನಡೆದು, ಅದು ತನ್ನ ವಯಸ್ಸನ್ನು ಮೀರಿ ದೊಡ್ಡದಾಗಿ ಕಂಡಿತು. ಮೂರು ವಾರವೆಂಬ ಲೆಕ್ಕವನ್ನು ಕೈಬಿಟ್ಟು, ಹೆಚ್ಚಿನ ಮರಿಹುಳುಗಳು ಹೇಳುತ್ತಿದ್ದ ಸುಮಾರು 7 ದಿನಗಳ ಅವಧಿಯನ್ನೇ ಒಪ್ಪಲಾಯಿತು.

ಈ ತೀರ್ಮಾನದಲ್ಲಿ ನನಗೆ ಮೆಚ್ಚುಗೆಯಾಗುವುದು ಎರಡು ಅಂಕಿಗಳ ಸರಾಸರಿ ತೆಗೆದು ‘ಎರಡು ವಾರ’ ಎಂದು ಬರೆಯುವ ಸುಲಭದ ದಾರಿಯನ್ನು ಯಾರೂ ಹಿಡಿಯಲಿಲ್ಲ ಎಂಬುದು. ಹೊಂದದ ಮಾದರಿಯನ್ನು ಎಸೆದು ಸುಮ್ಮನಾಗಲೂ ಇಲ್ಲ. ಅದು ಏಕೆ ಹೊಂದುವುದಿಲ್ಲ ಎಂಬುದಕ್ಕೆ ಸ್ವತಂತ್ರ ಸಾಕ್ಷ್ಯವಿರುವ ಕಾರಣ ಸಿಕ್ಕ ಮೇಲೆಯೇ ಅದನ್ನು ಲೆಕ್ಕದಿಂದ ಹೊರಗಿಡಲಾಯಿತು.

ಪ್ರಯೋಗಗಳು ಎಷ್ಟು ಆಧಾರ ಕೊಡುತ್ತವೆ

ಕೊಕೇನ್ ಮರಿಹುಳುವಿನ ಬೆಳವಣಿಗೆಯನ್ನು ವೇಗಗೊಳಿಸುತ್ತದೆ ಎಂಬುದಕ್ಕೆ ಆಧಾರ ಹವಾಯಿಯಲ್ಲಿ ಎಂ. ಲೀ ಗಾಫ್ ಮತ್ತು ಸಂಗಡಿಗರು ನಡೆಸಿ 1989ರಲ್ಲಿ ಪ್ರಕಟಿಸಿದ ಪ್ರಯೋಗ. ಮೊಲಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಕೊಕೇನ್ ಕೊಟ್ಟು, ಆ ಅಂಗಾಂಶಗಳ ಮೇಲೆ ಬೊಯೆಟ್ಚೆರಿಸ್ಕಾ ಪೆರೆಗ್ರಿನಾ ಎಂಬ ನೊಣದ ಮರಿಹುಳುಗಳನ್ನು ಸಾಕಲಾಯಿತು. ಮಾರಕ ಪ್ರಮಾಣ ಮತ್ತು ಅದರ ಇಮ್ಮಡಿ ಪ್ರಮಾಣದ ಅಂಗಾಂಶ ತಿಂದ ಮರಿಹುಳುಗಳು 36ನೆಯ ಗಂಟೆಯಿಂದ 76ನೆಯ ಗಂಟೆಯವರೆಗೆ ಉಳಿದವಕ್ಕಿಂತ ವೇಗವಾಗಿ ಬೆಳೆದು, ಬೇಗನೆ ಕೋಶಾವಸ್ಥೆಗೆ ಹೋದವು. ಕಡಿಮೆ ಪ್ರಮಾಣ ತಿಂದವು ಮತ್ತು ಕೊಕೇನ್ ಇಲ್ಲದ ಅಂಗಾಂಶ ತಿಂದವು ಹೆಚ್ಚುಕಡಿಮೆ ಒಂದೇ ವೇಗದಲ್ಲಿದ್ದವು. ಕೋಶದೊಳಗೆ ಕಳೆದ ಅವಧಿ ಎಲ್ಲದರಲ್ಲೂ ಒಂದೇ ಆಗಿತ್ತು.

ಸ್ಪೋಕೇನ್ ಪ್ರಕರಣಕ್ಕೆ ಈ ಪ್ರಯೋಗ ಎಷ್ಟು ಹೊಂದುತ್ತದೆ? ಪ್ರಮಾಣ ಹೆಚ್ಚಿದ್ದಾಗ ಮಾತ್ರ ವೇಗ ಹೆಚ್ಚುತ್ತದೆ ಎಂಬ ಅಂಶ ಮೂಗಿನಲ್ಲಿದ್ದದ್ದು ಮಾತ್ರ ಏಕೆ ದೊಡ್ಡದಾಯಿತು ಎಂಬುದನ್ನು ಚೆನ್ನಾಗಿ ವಿವರಿಸುತ್ತದೆ. ಆದರೆ ಪ್ರಯೋಗದ ನೊಣ ಸಾರ್ಕೋಫಾಜಿಡೇ ಕುಟುಂಬದ್ದು. ಲುಸಿಲಿಯಾ ಸೇರಿರುವುದು ಕ್ಯಾಲಿಫೊರಿಡೇ ಕುಟುಂಬಕ್ಕೆ. ಪ್ರಯೋಗಾಲಯದ ಹವೆಯೂ ಕಾಡಿನ ಹವೆಯೂ ಒಂದಲ್ಲ. ಆದ್ದರಿಂದ ಪ್ರಯೋಗದಿಂದ ನಾವು ತೆಗೆದುಕೊಳ್ಳಬಹುದಾದದ್ದು ದಿಕ್ಕನ್ನು ಮಾತ್ರ. 17.7 ಮಿಲಿಮೀಟರ್ ಉದ್ದದ ಮರಿಹುಳುವಿನಿಂದ ‘ಕೊಕೇನ್‌ನ ಪಾಲು ಇಷ್ಟು ಗಂಟೆ’ ಎಂದು ಕಳೆದು ನಿಜವಾದ ವಯಸ್ಸನ್ನು ಕಂಡುಹಿಡಿಯುತ್ತೇನೆಂದು ಹೊರಡುವುದು ತಪ್ಪು. ಅಂತಹ ತಿದ್ದುಪಡಿಗೆ ಬೇಕಾದ ಕೋಷ್ಟಕ ನಮ್ಮಲ್ಲಿಲ್ಲ. ಪ್ರಭಾವಕ್ಕೊಳಗಾಗದ ಮರಿಹುಳುಗಳು ಅದೇ ಶವದಲ್ಲಿ ಇದ್ದದ್ದೇ ಈ ಪ್ರಕರಣವನ್ನು ಕಾಪಾಡಿತು.

ಬೇರೆ ಔಷಧಗಳ ಕಡೆ ತಿರುಗಿದರೆ ಚಿತ್ರ ಇನ್ನಷ್ಟು ಜಟಿಲವಾಗುತ್ತದೆ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲೀನ್ ಕುರಿತು ಗಾಫ್ ತಂಡ 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೆಳವಣಿಗೆ ನಿಧಾನವಾಯಿತು. ಅದರಿಂದ ಲೆಕ್ಕದಲ್ಲಿ 77 ಗಂಟೆಗಳವರೆಗೆ ತಪ್ಪಾಗಬಹುದೆಂದು ಅವರು ತೋರಿಸಿದರು. ಮೆಥಾಂಫೆಟಮೀನ್ ಮರಿಹುಳುಗಳನ್ನು ವೇಗವಾಗಿ ಬೆಳೆಸಿತು, ಆದರೆ ಕೋಶಾವಸ್ಥೆಯಲ್ಲಿ ಸಾವು ಹೆಚ್ಚಿತು. ಇದು ಒಂದೊಂದು ಮರಿಹುಳುವಿನ ಪ್ರಶ್ನೆಯಾಗಿ ಉಳಿಯದೆ ಇಡೀ ನೊಣಬಳಗದ ಪ್ರಶ್ನೆಯಾಗುತ್ತದೆ: ದುರ್ಬಲವಾದವು ಸತ್ತು ಹೋದ ಮೇಲೆ ನಾವು ಅಳೆಯುವುದು ಬದುಕುಳಿದವನ್ನು ಮಾತ್ರ, ಆಗ ಬಳಗದ ಸರಾಸರಿ ಬೆಳವಣಿಗೆಯೆಂದು ನಾವು ಬರೆಯುವ ಅಂಕಿ ವಾಸ್ತವದಲ್ಲಿ ಬಲಿಷ್ಠರ ಸರಾಸರಿಯಾಗಿರುತ್ತದೆ.

ಹೆರಾಯಿನ್ ಮತ್ತು ಅದು ದೇಹದಲ್ಲಿ ಪರಿವರ್ತನೆಯಾಗುವ ಮಾರ್ಫೀನ್‌ನ ಕಥೆ ನನಗೆ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆಯಾಗಿ ಕಾಣುತ್ತದೆ. ಗಾಫ್ ತಂಡದ 1991ರ ಪ್ರಯೋಗದಲ್ಲಿ ಹೆರಾಯಿನ್ ಪಡೆದ ಮೊಲಗಳ ಅಂಗಾಂಶ ತಿಂದ ಬೊಯೆಟ್ಚೆರಿಸ್ಕಾ ಮರಿಹುಳುಗಳು ವೇಗವಾಗಿ ಬೆಳೆದವು, ಆದರೆ ಕೋಶದೊಳಗೆ ಹೆಚ್ಚು ಕಾಲ ಉಳಿದವು. ಅಂದರೆ ತನಿಖಾಧಿಕಾರಿಗೆ ಮರಿಹುಳು ಸಿಕ್ಕರೆ ಲೆಕ್ಕ ಒಂದು ಕಡೆಗೆ ವಾಲುತ್ತದೆ, ಕೋಶ ಸಿಕ್ಕರೆ ಇನ್ನೊಂದು ಕಡೆಗೆ. 1999ರಲ್ಲಿ ಫ್ರಾನ್ಸ್‌ನ ಸಂಶೋಧಕರು ಲುಸಿಲಿಯಾ ಸೆರಿಕಾಟಾದ ಮೇಲೆಯೇ ಮಾರ್ಫೀನ್ ಪ್ರಯೋಗ ಮಾಡಿದಾಗ ಬೆಳವಣಿಗೆ ನಿಧಾನವಾದದ್ದು ಕಂಡುಬಂದಿತು. 2009ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ಕ್ಯಾಲಿಫೊರಾ ಸ್ಟಿಜಿಯಾ ಎಂಬ ನೊಣದ ಮೇಲೆ ಮಾರ್ಫೀನ್‌ನಿಂದ ಹೇಳಿಕೊಳ್ಳುವಂತಹ ಪರಿಣಾಮವೇ ಆಗಲಿಲ್ಲ. ಒಂದೇ ಪದಾರ್ಥ, ಮೂರು ನೊಣಗಳು, ಮೂರು ಉತ್ತರಗಳು. ‘ಮಾದಕ ವಸ್ತು ಮರಿಹುಳುವನ್ನು ಬೇಗ ಬೆಳೆಸುತ್ತದೆ’ ಎಂಬ ಸಾಲನ್ನು ಈ ಸ್ಪೋಕೇನ್ ಪ್ರಕರಣದಿಂದ ಎತ್ತಿಕೊಂಡು ಎಲ್ಲೆಡೆ ಅನ್ವಯಿಸುವವರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ.

ಕೀಟನಾಶಕ ಸೇವಿಸಿ ಸತ್ತಾಗ ತಪ್ಪು ಬೇರೊಂದು ಬಾಗಿಲಿನಿಂದ ಒಳಬರುತ್ತದೆ. ಹೊನೊಲುಲುವಿನಲ್ಲಿ ಮ್ಯಾಲಥಿಯಾನ್ ಕುಡಿದು ಸತ್ತ ವ್ಯಕ್ತಿಯೊಬ್ಬರ ಪ್ರಕರಣ 1989ರಲ್ಲಿ ಪ್ರಕಟವಾಯಿತು. ಅವರನ್ನು ಕೊನೆಯ ಬಾರಿ ಜೀವಂತವಾಗಿ ನೋಡಿ 8 ದಿನಗಳಾಗಿದ್ದವು, ಆದರೆ ಮರಿಹುಳುಗಳ ವಯಸ್ಸು 5 ದಿನಗಳಷ್ಟೇ ಇತ್ತು. ವಿಷದಿಂದಾಗಿ ನೊಣಗಳು ಬಂದು ನೆಲೆಯೂರುವುದೇ ತಡವಾಗಿತ್ತು ಎಂಬುದು ಅದಕ್ಕೆ ಕೊಟ್ಟ ವಿವರಣೆ.

ಈ ಪ್ರಕರಣದ ನಂತರ ಕೆಲಸ ಮಾಡುವ ಬಗೆ

ಸ್ಪೋಕೇನ್ ಪ್ರಕರಣದಲ್ಲಿ ಮರಿಹುಳುಗಳನ್ನೆಲ್ಲ ಒಂದೇ ಸೀಸೆಗೆ ಹಾಕಿ ‘ಶವದಿಂದ ಸಂಗ್ರಹಿಸಿದ್ದು’ ಎಂದಷ್ಟೇ ಚೀಟಿ ಅಂಟಿಸಿದ್ದರೆ ಮೂಗಿನ ಪ್ರಶ್ನೆಯನ್ನು ಕೇಳಲು ದಾರಿಯೇ ಇರುತ್ತಿರಲಿಲ್ಲ. ಈ ಯೋಚನೆ ಬಂದಾಗಲೆಲ್ಲ ನನಗೆ ಕಳವಳವಾಗುತ್ತದೆ, ಏಕೆಂದರೆ ಈಗಲೂ ಹಾಗೆ ಒಂದೇ ಸೀಸೆಯಲ್ಲಿ ಬರುವ ಮಾದರಿಗಳಿವೆ. ಮುಖ, ಗಾಯ, ಹೊಟ್ಟೆ, ಶವದ ಅಡಿಯ ಮಣ್ಣು, ಪ್ರತಿಯೊಂದಕ್ಕೂ ಬೇರೆ ಸೀಸೆ ಇರಬೇಕು. ಸೀಸೆಯ ಒಳಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಇರಬೇಕು, ಏಕೆಂದರೆ ಆಲ್ಕೋಹಾಲ್ ತಾಗಿದರೆ ಪೆನ್ನಿನ ಶಾಯಿ ಕರಗಿಹೋಗುತ್ತದೆ. ದೊಡ್ಡವು ಕಣ್ಣಿಗೆ ಬೀಳುತ್ತವೆಂದು ಅವನ್ನಷ್ಟೇ ಆರಿಸಬಾರದು. ಚಿಕ್ಕವೇ ಹೆಚ್ಚಿದ್ದವು ಎಂಬ ಸಂಗತಿಯೂ ಇಲ್ಲಿ ಸಾಕ್ಷ್ಯವಾಯಿತು.

ಮರಿಹುಳುಗಳಲ್ಲೇ ಔಷಧವನ್ನು ಪರೀಕ್ಷಿಸಬಹುದು. ಅಸ್ಥಿಪಂಜರದ ಸ್ಥಿತಿಗೆ ಬಂದಿದ್ದ ಶವವೊಂದರ ಮೇಲಿದ್ದ ಮರಿಹುಳುಗಳಿಂದ ಫಿನೊಬಾರ್ಬಿಟಾಲ್ ಪತ್ತೆಹಚ್ಚಿದ ವರದಿ 1980ರಷ್ಟು ಹಿಂದೆಯೇ ಬಂದಿದೆ. ರಕ್ತವಾಗಲಿ ಮೂತ್ರವಾಗಲಿ ಸಿಗದ ಶವಗಳಲ್ಲಿ ಇದೊಂದು ದೊಡ್ಡ ಆಸರೆ. ಆದರೆ ಆಹಾರದಿಂದ ದೂರವಾದ ಮರಿಹುಳು ಔಷಧವನ್ನು ಬೇಗನೆ ಹೊರಹಾಕುತ್ತದೆ, ಆದ್ದರಿಂದ ಮೇಯುವುದನ್ನು ನಿಲ್ಲಿಸಿ ಹೊರಟ ಮರಿಹುಳುವಿನಲ್ಲಿ ಏನೂ ಸಿಗದಿದ್ದರೆ ಅದು ಔಷಧ ತಿಂದೇ ಇರಲಿಲ್ಲ ಎಂದು ಬರೆಯುವಂತಿಲ್ಲ. ಮರಿಹುಳುವಿನಲ್ಲಿ ಸಿಕ್ಕ ಪ್ರಮಾಣದಿಂದ ಮೃತರು ಸೇವಿಸಿದ ಪ್ರಮಾಣವನ್ನು ಲೆಕ್ಕ ಹಾಕುವಂತೆಯೂ ಇಲ್ಲ. ಒಂದೇ ಶವದ ಮರಿಹುಳುಗಳ ನಡುವೆಯೇ ಅಂಕಿಗಳು ಬಹಳ ಏರುಪೇರಾಗುತ್ತವೆ. ಹೀಗಾಗಿ ವಿಷಶಾಸ್ತ್ರದ ವಿಭಾಗಕ್ಕೆ ಕಳುಹಿಸುವ ಮಾದರಿಗಳು ಮೇಯುತ್ತಿರುವ ಮರಿಹುಳುಗಳಾಗಿರಬೇಕು, ಸಂಗ್ರಹಿಸಿದ ಕೂಡಲೇ ಕೊಂದು ಘನೀಕರಿಸಿಟ್ಟವಾಗಿರಬೇಕು, ಮತ್ತು ಅವು ಮೇಯುತ್ತಿದ್ದ ಅಂಗಾಂಶದ ತುಣುಕೊಂದು ಜೊತೆಗಿರಬೇಕು.

ಜಾತಿ ಖಚಿತಪಡಿಸಲೆಂದು ಕೆಲವು ಮರಿಹುಳುಗಳನ್ನು ಜೀವಂತವಾಗಿ ಒಯ್ದು, ಪ್ರಯೋಗಾಲಯದಲ್ಲಿ ಯಕೃತ್ತಿನ ತುಂಡಿನ ಮೇಲೆ ನೊಣವಾಗುವವರೆಗೆ ಸಾಕುವುದು ನಮ್ಮ ಪದ್ಧತಿ. ಹಾಗೆ ಮಾಡಿದ ಕ್ಷಣದಿಂದ ಮೂಗಿನಲ್ಲಿದ್ದ ಮರಿಹುಳುವಿಗೂ ಹೊಟ್ಟೆಯಲ್ಲಿದ್ದ ಮರಿಹುಳುವಿಗೂ ಒಂದೇ ಶುದ್ಧ ಆಹಾರ ಸಿಗುತ್ತದೆ, ಅವುಗಳ ವೇಗದ ನಡುವಿನ ವ್ಯತ್ಯಾಸ ಮಸುಕಾಗತೊಡಗುತ್ತದೆ. ಅದಕ್ಕಾಗಿ ಸಾಕಲು ಇಡುವ ಮುನ್ನವೇ ಪ್ರತಿ ಸೀಸೆಯಿಂದ ಕೆಲವನ್ನು ಬಿಸಿನೀರಿನಲ್ಲಿ ಅದ್ದಿ, ಉದ್ದ ಅಳೆದು, ಉಸಿರುಫಲಕದ ಸೀಳುಗಳನ್ನು ಎಣಿಸಿ, ಸಿಕ್ಕ ಜಾಗದ ಹೆಸರಿನ ಪಕ್ಕದಲ್ಲಿ ಆ ಎರಡೂ ಅಂಕಿಗಳನ್ನು ಬರೆದಿಡುತ್ತೇನೆ.